ಉಡದಾರ ಕಟ್ಟಿದ ಪೆನ್‌ಡ್ರೈವ್

ನನ್ನ ಅಂಗಡಿಯ ಮೇಜಿನ ಖಾನೆಯಲ್ಲಿ ಒಂದು ಪೆನ್‌ಡ್ರೈವ್ ಬಿದ್ದುಕೊಂಡಿದೆ. ಕೆಲಸಕ್ಕೆ ಬರುವಂಥದ್ದೇನಲ್ಲ. ಅದರ ಟೊಪ್ಪಿಗೆ ಎಂದೋ ಕಳೆದುಹೋಗಿ, ಬಾಯಿ ಬಿಟ್ಟುಕೊಂಡು ಮಲಗಿದೆ. ಬಾಲಕ್ಕೆ ಒಂದು ಕೆಂಪು ಉಡದಾರ. ಕೂಸುಗಳ ನಡುವಿಗೆ ಕಟ್ಟುತ್ತಾರಲ್ಲ, ಅದೇ. ಅಂಗಡಿಗೆ ಬಂದವರು ನೋಡಿ "ಇದೇನ್ರಿ, ದೃಷ್ಟಿ ಆಗಬಾರದಂತ ಕಟ್ಟೀರೇನು?" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಅದರ ಕಥೆ ಹೇಳಲು ಹೊರಟರೆ ಒಂದು ಚಹಾ ಸಾಲುವುದಿಲ್ಲ. ನೀವು ಹೇಗೂ ಕುಳಿತಿದ್ದೀರಿ, ಹೇಳಿಬಿಡುತ್ತೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು. ಸೊಕ್ಕು ಅನ್ನಿಸಿದರೆ ಅನ್ನಿಸಲಿ, ಅದು ಸೊಕ್ಕೇ. ನಾನು ಅಬ್ಬಿಗೇರಿಯವಳು, ಪಾರ್ವತಿ. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಒಂದು ಕಾಗದ ಕೈಯಲ್ಲಿ ಹಿಡಿದವಳು ನಾನೇ ಮೊದಲು. ಅಪ್ಪ ರೋಣದ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಬಿ.ಸಿ.ಎ. ಸೇರುತ್ತೇನೆ ಅಂದಾಗ ಅವನು ಕೇಳಿದ್ದು ಒಂದೇ ಮಾತು: "ಅದನ್ನ ಕಲಿತು ಮಂದಿಗೆ ಏನ್ ಮಾಡಿಕೊಡ್ತಿ?" ನಾನು ಬಹಳ ಹೊತ್ತು ತಡವರಿಸಿ, ಕಡೆಗೆ "ಕಂಪ್ಯೂಟರ್ ಕೆಟ್ರ ರಿಪೇರಿ ಮಾಡ್ತೀನಪಾ" ಅಂದೆ. ಅಪ್ಪನಿಗೆ ಸಮಾಧಾನವಾಯಿತು. "ಹಂಗಾದ್ರ ಚಲೋ. ಕೆಡೋ ಸಾಮಾನಿನ ಕೆಲಸ ಎಂದೂ ತೀರಂಗಿಲ್ಲ."

ಕರಿ ಗೌನು ಹಾಕಿಕೊಂಡು ತೆಗೆಸಿಕೊಂಡ ನನ್ನ ಫೋಟೋ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಇದೆ. ಅವ್ವ ದಿನಾ ಎಲ್ಲ ಪಟಗಳಿಗೂ ಕುಂಕುಮ ಹಚ್ಚುತ್ತ ಬಂದು, ಕೈ ಓಟದಲ್ಲಿ ನನ್ನ ಹಣೆಗೂ ಒಂದು ಹಚ್ಚಿಬಿಡುತ್ತಾಳೆ. "ಯವ್ವಾ, ನಾ ಇನ್ನೂ ಜೀವಂತ ಅದೇನಿ" ಅಂದರೆ, "ಅದಕ್ಕ ಮಾಲಿ ಹಾಕಿಲ್ಲ" ಅನ್ನುತ್ತಾಳೆ. ಈ ಕುಂಕುಮದ ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ಬರುತ್ತದೆ.

ಈಗ ರೋಣದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಅಂಗಡಿ. ಅಂಗಡಿ ಅನ್ನುವುದು ಬರಿ ಹೆಸರಿಗೆ. ವಾರದ ಅರ್ಧ ದಿನ ಹೆಗಲಿಗೆ ಚೀಲ ಹಾಕಿಕೊಂಡು ಗಜೇಂದ್ರಗಡ, ನರಗುಂದ ಅಂತ ಬಸ್ಸಿನಲ್ಲೇ ಇರುತ್ತೇನೆ. ಚೀಲದಲ್ಲಿ ವೈರು, ಸ್ಕ್ರೂ ಡ್ರೈವರು, ಅವ್ವ ಕಟ್ಟಿದ ರೊಟ್ಟಿ. ಹೊಸ ಗಿರಾಕಿಗಳು ಮೊದಲು ನನ್ನ ಹಿಂದೆ ನೋಡುತ್ತಾರೆ, ಗಂಡಸು ಯಾರಾದರೂ ಬರುತ್ತಿದ್ದಾರೇನೋ ಅಂತ. ಯಾರೂ ಬರದಿದ್ದಾಗ ನಿಚ್ಚಣಿಕೆ ಹಿಡಿದುಕೊಳ್ಳಲು ಎದ್ದು ನಿಲ್ಲುತ್ತಾರೆ. ಅಷ್ಟರಮಟ್ಟಿಗೆ ಒಳ್ಳೆಯವರು.

ಅಂದಾನಪ್ಪ ವಕೀಲರ ಆಫೀಸು ನನ್ನ ಅಂಗಡಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಹಳೇ ಕಲ್ಲಿನ ಕಟ್ಟಡ, ಗೋಡೆಯಲ್ಲಿ ಆಳು ಕೂರುವಷ್ಟು ದೊಡ್ಡ ಮಾಡ. ಕಂಪ್ಯೂಟರು ನಾಲ್ಕಾರಿದ್ದರೂ ಪ್ರಿಂಟರು ಒಂದೇ. ಅದು ಇದ್ದದ್ದು ನೀಲಕ್ಕನ ಮೇಜಿನ ಮೇಲೆ. ನೀಲಕ್ಕ ಆ ಆಫೀಸಿನ ಟೈಪಿಸ್ಟು. ವಕೀಲರು ಹೊಸದಾಗಿ ಕೋಟು ಹೊಲಿಸಿದಾಗಿನಿಂದ ಅಲ್ಲೇ ಇದ್ದಾಳೆ. ಬಾಗಿಲಿಗೆ ಎದುರಾಗಿ ಅವಳ ಕುರ್ಚಿ. ಯಾರೇ ಒಳಗೆ ಬಂದರೂ ಮೊದಲು ಕಾಣುವುದು ನೀಲಕ್ಕನ ಕನ್ನಡಕ.

ಅಲ್ಲಿನ ಪದ್ಧತಿ ಹೀಗಿತ್ತು. ಯಾರಿಗೇ ಪ್ರಿಂಟು ಬೇಕಾದರೂ ಪೆನ್‌ಡ್ರೈವಿಗೆ ಹಾಕಿಕೊಂಡು ನೀಲಕ್ಕನ ಹತ್ತಿರ ಬರಬೇಕು. ಆಫೀಸಿಗೆಲ್ಲ ಒಂದೇ ಪೆನ್‌ಡ್ರೈವ್. ಅದು ದಿನಾ ಕಳೆಯುತ್ತಿತ್ತು. ಅಂಗಿಯ ಕಿಸೆ, ಕೋಟಿನ ಕಿಸೆ, ಒಮ್ಮೆ ಚಹಾದ ಅಂಗಡಿಯ ಸಕ್ಕರೆ ಡಬ್ಬಿ. ಬೇಸತ್ತು ನೀಲಕ್ಕ ಮೊಮ್ಮಗನಿಗೆ ತಂದಿದ್ದ ಉಡದಾರದಲ್ಲಿ ಒಂದು ತುಂಡು ಕಟ್ಟಿ ತನ್ನ ಮೇಜಿನ ಮೇಲಿನ ಮೊಳೆಗೆ ನೇತುಹಾಕಿದಳು. ಅಂದಿನಿಂದ ಅದು ಕಳೆಯಲಿಲ್ಲ. ಆದರೆ ಒಂದು ಕಂಪ್ಯೂಟರಿನ ಜ್ವರವನ್ನು ಇನ್ನೊಂದಕ್ಕೆ ಹಂಚುವ ಕೆಲಸ ಮಾತ್ರ ಬಿಡಲಿಲ್ಲ. ಕಡೆಗೊಂದು ದಿನ ವೈರಸ್ಸು ಹತ್ತಿ ಅರ್ಧ ಆಫೀಸಿನ ಫೈಲುಗಳು ಬಾಯಿ ಮುಚ್ಚಿಕೊಂಡವು. ವಕೀಲರು ನನಗೆ ಹೇಳಿಕಳಿಸಿದರು.

ನಾನು ನೋಡಿ, "ಸಾಹೇಬ್ರ, ಹಿಂಗ ಪೆನ್‌ಡ್ರೈವ್ ಹೊತ್ತುಕೊಂಡು ತಿರಗೋದು ಸಾಕ್ರಿ. ಒಂದು ಸರ್ವರ್ ಇಡೋಣು" ಅಂದೆ.

ವಕೀಲರ ಮುಖ ಕಪ್ಪಾಯಿತು. "ಸರ್ವರ್? ಅಂದ್ರ ಡೌನ್ ಆಗೋದಲ್ಲೇನವಾ ಅದು?"

ಅವರದೇನೂ ತಪ್ಪಿಲ್ಲ. ನಮ್ಮ ಕಡೆ ಸರ್ವರ್ ಎಂಬ ಶಬ್ದ ಒಂಟಿಯಾಗಿ ಓಡಾಡಿದ್ದನ್ನು ಯಾರೂ ಕಂಡಿಲ್ಲ. ಡೌನ್ ಅನ್ನುವುದು ಅದರ ಅಡ್ಡಹೆಸರು. ನಾನು ಮನೆಯ ಲೆಕ್ಕದಲ್ಲಿ ತಿಳಿಸಿ ಹೇಳಿದೆ. "ಇದು ನಮ್ಮದ ಮನಿಯೊಳಗಿಂದ್ರಿ, ಹೊರಗಿಂದಲ್ಲ. ಎಲ್ಲಾರ ಕಾಗದ ಒಂದ ಕಡೆ ಇರ್ತಾವು. ಪಡಸಾಲಿ ಎಲ್ಲಾರಿಗೂ. ಟ್ರಂಕಿನ ಕೀಲಿ ಮಾತ್ರ ಅವರವರ ಕಡೆ. ಪ್ರಿಂಟೂ ಅಷ್ಟ. ಕುಂತಲ್ಲೇ ಒತ್ತಿದ್ರ ಅದಕ್ಕ ಹೋಗ್ತೈತಿ, ಅದು ಒಂದೊಂದ ಪಾಳಿಗೆ ಹಚ್ಚಿ ಹೊರಗ ಹಾಕ್ತೈತಿ."

"ಕುಂತಲ್ಲೇ?" ಎಂದು ಎದ್ದು ನಿಂತವನು ಇರ್ಫಾನ್, ವಕೀಲರ ಜೂನಿಯರು. ಹುರುಪಿನ ಹುಡುಗ. "ಅಂದ್ರ ಆ ಉಡದಾರ ಹಿಡಕೊಂಡು ಓಡ್ಯಾಡೋದು ತಪ್ಪಿತು ಅನ್ರಿ!"

"ಹಂಗಾದ್ರ ಪ್ರಿಂಟರ್ ತಗದು ಆ ಮಾಡದ ಬಾಜೂಕ ಇಡೋಣು" ಅಂದರು ವಕೀಲರು, ಲೆಕ್ಕ ಹಾಕುತ್ತ. "ನೀಲವ್ವನ ಟೇಬಲ್ ಒಳಗಿನ ಕೋಲಿಗೆ ಹಾಕಿ, ಇಲ್ಲೆ ಕಕ್ಷಿದಾರರಿಗೆ ಒಂದು ಸೋಫಾ ಹಾಕಿದ್ರ ಚಂದ ಕಾಣ್ತೈತಿ."

ನೀಲಕ್ಕ ಟೈಪು ಮಾಡುತ್ತಲೇ ಇದ್ದಳು. ಬೆರಳು ನಿಲ್ಲಲಿಲ್ಲ. ನಾನು ಹೊರಡುವಾಗ ಮಾತ್ರ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದಳು: "ಹಂಗಾದ್ರ ತಂಗಿ, ಇನ್ನ ಮ್ಯಾಲೆ ನನ್ನ ಕಡೆ ಯಾರೂ ಬರಂಗಿಲ್ಲೇನು?"

"ಆರಾಮ ಆತಲ್ಲ ಅಕ್ಕಾ" ಅಂದೆ. ಡಿಗ್ರಿ ಓದಿದ ಬಾಯಿ.

ಒಳಗಿನ ಕೋಲಿ ಅಂದರೆ ಹಳೇ ಫೈಲುಗಳ ಕೋಲಿ. ಕಿಟಕಿಯಿಲ್ಲ. ಮಂದಿ ಬಂದರೆ ಕಾಣುವುದಿಲ್ಲ, ಹೋದರೂ ಕಾಣುವುದಿಲ್ಲ. ನೀಲಕ್ಕನನ್ನು ಅಲ್ಲಿ ಕೂರಿಸುವುದೆಂದರೆ, ಜೀವಮಾನವಿಡೀ ಕಟ್ಟೆಯ ಮೇಲೆ ಕುಳಿತವರನ್ನು ಕರೆದೊಯ್ದು, ನೆಲದೊಳಗೆ ಕಾಳು ತುಂಬಿಡುವ ಹಗೇವಿಗೆ ಇಳಿಸಿದ ಹಾಗೆ. ನನಗೆ ಅಂದು ಇದು ತಲೆಗೆ ಬರಲಿಲ್ಲ. ನನ್ನ ತಲೆಯಲ್ಲಿ ವೈರು ಎಲ್ಲಿಂದ ಎಲ್ಲಿಗೆ ಎಳೆಯಬೇಕೆಂಬುದೇ ಓಡುತ್ತಿತ್ತು.

ಒಂದು ಹಳೇ ಕಂಪ್ಯೂಟರಿಗೆ ಎರಡು ಹೊಸ ಡಿಸ್ಕು ಹಾಕಿದೆ, ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ನಕಲು ಇರಲಿ ಅಂತ. ಗೋಡೆಯ ಮಾಡದಲ್ಲಿ ಇಟ್ಟೆ. ಎಲ್ಲರ ಹೆಸರಿಗೂ ಒಂದೊಂದು ಫೋಲ್ಡರು, ಎಲ್ಲರಿಗೂ ಕೂಡಿ ಒಂದು. ಕೂಡಿದ ಫೋಲ್ಡರಿನಲ್ಲಿ ಸಂಜೆಯೊಳಗೆ "ನ್ಯೂ ಫೋಲ್ಡರ್" ಹುಟ್ಟಿ, ಮರುದಿನಕ್ಕೆ ಅದಕ್ಕೆ ತಮ್ಮ ತಂಗಿಯರೂ ಹುಟ್ಟಿಕೊಂಡರು. ಅದಿರಲಿ, ಅದು ಎಲ್ಲ ಆಫೀಸುಗಳ ಸಂಸಾರ. ಪ್ರಿಂಟರನ್ನು ಮಾಡದ ಪಕ್ಕಕ್ಕೆ ತಂದು ಸರ್ವರಿಗೆ ಜೋಡಿಸಿ, ವಕೀಲರ ಕೋಣೆಯಿಂದಲೇ ಮೊದಲ ಪುಟ ಒತ್ತಿಸಿದೆ. ಕಾಗದ ಹೊರಗೆ ಬಂದಾಗ ವಕೀಲರು ಕೋಣೆಯಿಂದ ಓಡಿಬಂದು ಅದನ್ನು ಮುಟ್ಟಿ ನೋಡಿದರು, ಆಗತಾನೆ ತೆಗೆದ ರೊಟ್ಟಿಯನ್ನು ಮುಟ್ಟುವ ಹಾಗೆ.

ಆದರೆ ಒಂದು ಕೊರತೆ ಅವರನ್ನು ಕಾಡುತ್ತಿತ್ತು. "ಇದಕ್ಕ ಮಾನಿಟರ್ ಎಲ್ಲೈತಿ?"

"ಇದಕ್ಕ ಬೇಕಾಗಿಲ್ರಿ. ನಾನು ಬ್ಯಾರೆ ಕಂಪ್ಯೂಟರಿನಿಂದ ನೋಡ್ತೀನಿ."

"ಮಾರೀನ ಇಲ್ಲಲ್ಲವಾ" ಅಂದರು ವಕೀಲರು ಮರುಕದಿಂದ.

ಮುಖವಿಲ್ಲದ್ದಕ್ಕೆ ಪೂಜೆ ಮಾಡುವುದು ಹೇಗೆ? ಈ ಪ್ರಶ್ನೆ ಅಮಾವಾಸ್ಯೆಗೆ ಎದ್ದಿತು. ನಮ್ಮ ಕಡೆ ಅಮಾವಾಸ್ಯೆಯೆಂದರೆ ಅಂಗಡಿ, ಆಫೀಸು, ಗಾಡಿ ಎಲ್ಲಕ್ಕೂ ಪೂಜೆ. ಕಂಪ್ಯೂಟರುಗಳಿಗೆ ಮಾನಿಟರಿನ ನೆತ್ತಿಯ ಮೇಲೆ ವಿಭೂತಿ, ಕುಂಕುಮ ಹಚ್ಚುವುದು ರೂಢಿ. ವಕೀಲರು ಆರತಿ ತಟ್ಟೆ ಹಿಡಿದು ಸರ್ವರಿನ ಮುಂದೆ ನಿಂತರಂತೆ. ಕರಿ ಡಬ್ಬಿಯ ನಟ್ಟನಡುವೆ ಒಂದು ದುಂಡನೆಯ ಗುಂಡಿ, ಅದರಲ್ಲಿ ನೀಲಿ ಬೆಳಕು. ಹಣೆ ಅಂತ ಇದ್ದರೆ ಅದೇ. ಭಕ್ತಿಯಿಂದ ಒತ್ತಿ ಕುಂಕುಮ ಹಚ್ಚಿದರು. ಡಬ್ಬಿ ಒಂದು ಉಸಿರು ಬಿಟ್ಟು ಶಾಂತವಾಯಿತು. ನೀಲಿ ಬೆಳಕು ಹೋಯಿತು.

ನನಗೆ ಫೋನು ಬಂತು. "ಪಾರ್ವತಿ, ಪೂಜಿ ಮಾಡಿದ್ವಿ, ಜೀವಾನ ಬಿಡ್ತು!"

ಹೋಗಿ ನೋಡಿದರೆ ಪವರ್ ಬಟನ್ನಿನ ಮೇಲೆ ಅಚ್ಚುಕಟ್ಟಾದ ಕುಂಕುಮ. ಒರೆಸಲು ಮನಸ್ಸು ಬರಲಿಲ್ಲ. ಅವ್ವ ಹಚ್ಚಿದ ಹಾಗೇ ಇತ್ತು. ಹಾಗೇ ಮತ್ತೊಮ್ಮೆ ಒತ್ತಿದೆ, ಎದ್ದು ಕುಳಿತಿತು. "ಇದರ ಹಣಿ ಇಲ್ಲಿಲ್ರಿ ಸಾಹೇಬ್ರ, ಮ್ಯಾಲೆ ಐತಿ" ಎಂದು ನೆತ್ತಿ ತೋರಿಸಿಕೊಟ್ಟೆ. ನೀಲಕ್ಕ ಅಂದು ಬಹಳ ನಕ್ಕಳು. ಆ ವಾರ ಅವಳು ನಕ್ಕಿದ್ದು ಅದೊಂದೇ ಸಲ ಅಂತ ಆಮೇಲೆ ತಿಳಿಯಿತು.

ಏಕೆಂದರೆ ಎಲ್ಲರೂ ಕುಂತಲ್ಲೇ ಒತ್ತತೊಡಗಿದ್ದರು. ನೀಲಕ್ಕನ ಮೇಜಿನ ಹತ್ತಿರ ಯಾರೂ ಬರುತ್ತಿರಲಿಲ್ಲ. ಉಡದಾರ ಮೊಳೆಗೆ ತೂಗುತ್ತಿತ್ತು, ಅಷ್ಟೆ. ಸೋಫಾದವನು ಬಂದು ಜಾಗ ಅಳೆದುಕೊಂಡು ಹೋಗಿದ್ದ.

ಹೀಗಿರುವಾಗ ಮುಶಿಗೇರಿಯಿಂದ ಹನಮವ್ವ ಬಂದಳು. ವಯಸ್ಸಾದ ಹೆಂಗಸು. ಮಗಳ ಊರಿಗೆ ಹೋಗುವುದನ್ನೂ ಬಿಟ್ಟು, ಗಂಡನ ಹೊಲಕ್ಕೆ ತನ್ನ ಹೆಸರು ಹಚ್ಚಿಸುವ ಒಂದು ಅಫಿಡವಿಟ್ಟಿಗೆ ಹೆಬ್ಬೆಟ್ಟು ಒತ್ತಲು ಬಂದಿದ್ದಳು. ಟೈಪಾಗಿತ್ತು. ಒಂದೇ ಒಂದು ಹಾಳೆ ಪ್ರಿಂಟು ಆಗಬೇಕು. ವಕೀಲರು ಒತ್ತಿದರು. ಬರಲಿಲ್ಲ. ಬರುವುದೆಲ್ಲಿಂದ? ಅದಕ್ಕೆ ಸ್ವಲ್ಪ ಮೊದಲು ಇರ್ಫಾನ್ ಒಂದು ದೊಡ್ಡ ಅಪೀಲಿನ ಕಟ್ಟು ಪೂರ್ತಿ ಒತ್ತಿ, ಚಹಾಕ್ಕೆ ಹೋಗಿದ್ದ. ಅವನಿಗೆ ಅದು ಬೇಕಾದದ್ದು ಮರುದಿನ. ಪ್ರಿಂಟರು ಮುದಿ ಎತ್ತಿನ ಹಾಗೆ ಒಂದೊಂದೇ ಹಾಳೆ ಎಳೆಯುತ್ತಿತ್ತು. ಹನಮವ್ವ ಬಾಗಿಲಲ್ಲಿ ನಿಂತು ಬಿಸಿಲು ನೋಡುತ್ತಿದ್ದಳು. ಅವಳ ಗಡಿಯಾರ ಅದೇ. ಹಾಳೆ ಕೈಗೆ ಬಂದು ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಮುಶಿಗೇರಿಗೆ ಹೋಗುವ ಕೊನೆಯ ಬಸ್ಸು ಹೊರಟುಹೋಗಿತ್ತು.

ಆ ರಾತ್ರಿ ಹನಮವ್ವ ನೀಲಕ್ಕನ ಮನೆಯಲ್ಲಿ ಉಂಡು ಮಲಗಿದಳು.

ಮರುದಿನ ನಾನು ಹೋದಾಗ ಇರ್ಫಾನ್ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ. "ನಾ ಏನ್ ಮಾಡ್ಲಿ ಅಕ್ಕಾರ? ನಂದು ಮದಲ ಹೋಗಿತ್ತು, ನಂದು ಮದಲ ಬಂತು. ನಾನೇನ್ ಬೇಕಂತ ಮಾಡೇನೇನು?"

"ನಿಂದೇನಿಲ್ಲಪಾ ತಮ್ಮಾ" ಅಂದಳು ನೀಲಕ್ಕ. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. "ನಿನ್ನ ಮಷೀನ್ ಚಲೋ ಐತಿ ಪಾರ್ವತಿ. ಪಾಳಿ ಬರೋಬರಿ ಹಿಡೀತೈತಿ. ಆದ್ರ ಯಾರು ಬಂದಾರ ಅಂತ ತಲಿ ಎತ್ತಿ ನೋಡಂಗಿಲ್ಲ ಅದು."

ಪಾಳಿ ಅಂದಳು ನೋಡಿ, ನನಗೆ ಗಿರಣಿ ನೆನಪಾಯಿತು.

ಅಬ್ಬಿಗೇರಿಯಲ್ಲಿ ನಮ್ಮ ಓಣಿಯ ತುದಿಗೆ ಮೌಲಾಸಾಬರ ಹಿಟ್ಟಿನ ಗಿರಣಿ. ನಾವು ಹುಡುಗರು ಮೌಲಾ ಕಾಕಾ ಅನ್ನುತ್ತಿದ್ದೆವು. ಅವರ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಹಿಟ್ಟು. ಅವರ ಖರೇ ಬಣ್ಣ ನೋಡಿದ್ದು ನಾನು ಈದಿನ ದಿವಸ ಮಾತ್ರ. ಗಿರಣಿಯಲ್ಲಿ ಮಂದಿ ನಿಲ್ಲುತ್ತಿರಲಿಲ್ಲ, ಡಬ್ಬಿಗಳು ನಿಲ್ಲುತ್ತಿದ್ದವು. ಎಣ್ಣೆ ಡಬ್ಬಿ, ಬುಟ್ಟಿ, ಗಂಟು, ನಮ್ಮದೊಂದು ನೀಲಿ ಬಣ್ಣದ ಪೇಂಟಿನ ಡಬ್ಬಿ. ಡಬ್ಬಿ ಇಟ್ಟು ಹೋಗಿ ಹೊಲದ ಕೆಲಸ ಮುಗಿಸಿ ಬಂದರೂ ನಿಮ್ಮ ಪಾಳಿ ನಿಮ್ಮದೇ. ಜೋಳದ ಹಿಂದೆ ಜೋಳ, ಗೋದಿಯ ಹಿಂದೆ ಗೋದಿ. ಮೆಣಸಿನಕಾಯಿಗೆ ಬೇರೆ ದಿನ, ಆ ದಿನ ಇಡೀ ಓಣಿ ಸೀನುತ್ತಿತ್ತು. ಬಿಸಿ ಹಿಟ್ಟಿನಲ್ಲಿ ಕೈ ಇಡುವುದು ನಮಗೊಂದು ಹಬ್ಬ. ಚಳಿಗಾಲದಲ್ಲಿ ಡಬ್ಬಿಯನ್ನು ತಬ್ಬಿಕೊಂಡೇ ಮನೆಗೆ ಬರುತ್ತಿದ್ದೆ.

ಆದರೆ ಆ ಸಾಲು ಆಗಾಗ ಕದಲುತ್ತಿತ್ತು. ಬಾಣಂತಿಯ ಮನೆಯ ಡಬ್ಬಿ ಬಂದರೆ ಮೌಲಾ ಕಾಕಾ ಏನೂ ಮಾತಾಡದೆ ಎತ್ತಿ ಮುಂದೆ ಇಡುತ್ತಿದ್ದರು. ಸತ್ತವರ ಮನೆಯದಾದರೂ ಅಷ್ಟೇ, ಹೇಳದೆ ಕೇಳದೆ ಬೀಗರು ಬಂದಿಳಿದ ಮನೆಯದಾದರೂ ಅಷ್ಟೇ. ಯಾರೂ ತಕರಾರು ತೆಗೆಯುತ್ತಿರಲಿಲ್ಲ. ತೆಗೆದರೆ, "ನಾಳೆ ನಿನ್ನ ಸೊಸಿ ಹಡೀತಾಳಲ್ಲ, ಆವಾಗ ನೋಡೋಣು" ಅನ್ನುತ್ತಿದ್ದರು.

ನನ್ನ ಹತ್ತನೇ ಇಯತ್ತೆಯ ಪರೀಕ್ಷೆಯ ದಿನ ಮನೆಯಲ್ಲಿ ಹಿಟ್ಟಿರಲಿಲ್ಲ. ಅವ್ವ ನಸುಕಿನಲ್ಲೇ ನನ್ನ ಕೈಗೆ ಡಬ್ಬಿ ಕೊಟ್ಟಳು. ಹೋದರೆ ಆಗಲೇ ಉದ್ದ ಸಾಲು. ಮೂಲೆಯಲ್ಲಿ ನಿಂತು ಇತಿಹಾಸದ ಪುಸ್ತಕ ತೆಗೆದೆ. ಗಿರಣಿಯ ಸದ್ದಿನಲ್ಲಿ ರಾಜರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಮೌಲಾ ಕಾಕಾ ಹಿಟ್ಟಿನ ರೆಪ್ಪೆ ಎತ್ತಿ ನನ್ನನ್ನೂ ಪುಸ್ತಕವನ್ನೂ ನೋಡಿದರು. "ಏ ಪಾರೀ, ಇವತ್ತ ಪರೀಕ್ಷಾ ಏನು?" ನಾನು ಹೂಂ ಅಂದೆ. ಅವರು ಸಾಲಿನ ಕಡೆ ನೋಡಿದರು. ಮುಂದೆ ಇದ್ದ ಡಬ್ಬಿಯ ಒಡತಿ, ಹೆಸರು ಈಗ ನೆನಪಿಲ್ಲ, "ಹಾಕ್ರಿ ಆ ಹುಡುಗಿದು ಮದಲ, ಪರೀಕ್ಷಾಕ್ಕ ಹೋಗ್ಲಿ" ಅಂದಳು. ಬಿಸಿ ರೊಟ್ಟಿ ತಿಂದು ಹೋಗಿ ಪರೀಕ್ಷೆ ಬರೆದೆ. ಹುಬ್ಬಿನ ಮೇಲೆ ಹಿಟ್ಟು ಇದ್ದದ್ದು ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರು ಹೇಳಿದಾಗಲೇ ಗೊತ್ತಾಗಿದ್ದು.

ನನ್ನ ಡಿಗ್ರಿ ನನ್ನ ಸ್ವಂತ ದುಡಿಮೆ ಅಂತ ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ಸುಳ್ಳೇನಲ್ಲ. ಆದರೆ ಅದರೊಳಗೆ ಯಾರದೋ ಒಂದು ಪಾಳಿಯೂ ಸೇರಿದೆ.

ಸರಿ. ಮೌಲಾ ಕಾಕಾ ಇಲ್ಲದ ಗಿರಣಿಯನ್ನು ತಂದು ವಕೀಲರ ಮಾಡದಲ್ಲಿ ಇಟ್ಟುಬಿಟ್ಟಿದ್ದೇನೆ ಅಂತ ಗೊತ್ತಾಯಿತು. ರಿಪೇರಿ ಕಷ್ಟದ್ದೇನಲ್ಲ. ಸರ್ವರಿನಲ್ಲಿ ಪ್ರಿಂಟಿನ ಸಾಲನ್ನು ನೋಡಲು, ತಡೆದು ನಿಲ್ಲಿಸಲು, ಒಂದನ್ನು ಮುಂದೆ ಹಾಕಲು ಅಧಿಕಾರ ಅಂತ ಒಂದಿರುತ್ತದೆ. ನಾನು ಅದನ್ನು ನನ್ನ ಹೆಸರಿಗೇ ಇಟ್ಟುಕೊಂಡಿದ್ದೆ, ಓದಿದವಳು ನಾನೇ ಅಂತ. ಅದನ್ನು ನೀಲಕ್ಕನ ಹೆಸರಿಗೆ ಬರೆದೆ. ಅವಳ ಪರದೆಯ ಮೇಲೆ ಸಾಲು ಕಾಣುವ ಹಾಗೆ ಮಾಡಿ ತೋರಿಸಿದೆ. "ಇಲ್ಲಿ ಒತ್ತಿದ್ರ ತಡೀತೈತಿ ಅಕ್ಕಾ. ಇಲ್ಲಿ ಒತ್ತಿದ್ರ ಮುಂದ ಬರ್ತೈತಿ."

"ಇಷ್ಟನ?" ಅಂದಳು.

"ಇಷ್ಟ."

ಇರ್ಫಾನನಿಗೆ ಗಾಬರಿ. "ಅಂದ್ರ ನಾ ಕುಂತಲ್ಲೇ ಒತ್ತಿದ್ದನ್ನ ಅಕ್ಕಾರು ಕುಂತಲ್ಲೇ ಹಿಡದ್ರ?"

"ಹಿಡದ್ರ ಎದ್ದು ಬಂದು ಕೇಳು" ಅಂದಳು ನೀಲಕ್ಕ. "ಕಾಲಿಗೇನ್ ಆಗೇತಿ ನಿನಗ? ಮದಲ ದಿನಾ ಬಂದು ಮಾತಾಡಿಸಿ ಹೋಗ್ತಿದ್ದಿ."

ಉಳಿದದ್ದು ಕುರ್ಚಿಯ ಮಾತು. ಅದನ್ನು ನಾನೇ ಎತ್ತಿದೆ. "ಸಾಹೇಬ್ರ, ಸಾಲು ಹಿಡಿಯೋರು ಬಾಗಿಲದಾಗ ಇರಬೇಕ್ರಿ. ಒಳಗಿನ ಕೋಲಿಯಾಗ ಕುಂತು ಬಂದೋರ ಮಾರಿ ಹ್ಯಾಂಗ ನೋಡ್ತಾರ ಅಕ್ಕಾರು?"

ವಕೀಲರು ವಾದ ಮಾಡುವ ಮನುಷ್ಯ, ಸುಮ್ಮನೆ ಒಪ್ಪುವವರಲ್ಲ. "ಸೋಫಾಕ್ಕ ಹೇಳಿಬಿಟ್ಟೇನಲ್ಲವಾ."

"ನಿಮ್ಮ ಕೋಣ್ಯಾಗ ಹಾಕ್ರಿ" ಅಂದಳು ನೀಲಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಮಧ್ಯಾಹ್ನ ಕುರ್ಚಿಯಾಗ ನಿದ್ದಿ ಮಾಡಿ ಕುತಗಿ ನೋವು ಅಂತೀರಿ."

ಇರ್ಫಾನ್ ಕೆಮ್ಮಿದ. ವಕೀಲರು ನಕ್ಕರು. ಆ ನಗೆಯಲ್ಲಿ ಖಟ್ಲೆ ಮುಗಿಯಿತು. ಪ್ರಿಂಟರು ಮತ್ತೆ ನೀಲಕ್ಕನ ಮೇಜಿಗೆ ಬಂತು, ವೈರು ನಾನು ಉದ್ದ ಮಾಡಿಕೊಟ್ಟೆ. ಮೊಳೆಗೆ ನೇತಾಡುತ್ತಿದ್ದ ಪೆನ್‌ಡ್ರೈವನ್ನು ನೀಲಕ್ಕ ಬಿಚ್ಚಿ ನನ್ನ ಕೈಗಿಟ್ಟಳು. "ಇದು ಇನ್ನ ಯಾಕ ಬೇಕು ತಂಗಿ? ನೀ ಒಯ್ಯಿ. ಉಡದಾರ ಬಿಚ್ಚಬ್ಯಾಡ."

ಮೊನ್ನೆ ನರಗುಂದದಲ್ಲಿ ಇನ್ನೊಂದು ಆಫೀಸಿನವರು ಇಂಥದೇ ಸರ್ವರ್ ಬೇಕು ಅಂದರು. ವೈರು ಎಲ್ಲಿಂದ ಎಲ್ಲಿಗೆ ಅಂತ ಒಂದು ನಕ್ಷೆ ಮಾಡಿದ್ದೆ. ನನ್ನ ಅಂಗಡಿಯ ಪ್ರಿಂಟರಿನ ಶಾಯಿ ಮುಗಿದಿತ್ತು. ರಿಪೇರಿಯವರ ಮನೆಯ ಗಡಿಯಾರ ಯಾವಾಗಲೂ ಕೆಟ್ಟಿರುತ್ತದಂತಲ್ಲ. ಬಸ್ಸಿಗೆ ಹೊತ್ತಾಗಿತ್ತು, ವಕೀಲರ ಆಫೀಸಿಗೆ ಓಡಿ, ಇರ್ಫಾನನ ಕಂಪ್ಯೂಟರಿಗೆ ಕುಳಿತು ಒತ್ತಿದೆ. ಬರಲಿಲ್ಲ. ಮತ್ತೆ ಒತ್ತಿದೆ. ಸರ್ವರಿಗೇನೋ ಆಯಿತು ಅಂದುಕೊಂಡೆ. ಸಾಲು ತೆಗೆದು ನೋಡಿದರೆ ನನ್ನ ನಕ್ಷೆಯ ಮುಂದೆ ಬರೆದಿತ್ತು: ತಡೆಹಿಡಿಯಲಾಗಿದೆ.

ಎದ್ದು ಹೋದೆ. "ನೀಲಕ್ಕಾ, ನಂದ್ಯಾಕ ಹಿಡದೀರಿ? ನರಗುಂದ ಬಸ್ ಬಂದು ನಿಂತೈತಿ!"

ನೀಲಕ್ಕ ಕನ್ನಡಕದ ಮೇಲಿಂದ ಬಾಗಿಲ ಕಡೆ ನೋಡಿದಳು. ಅಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಒಬ್ಬ ಎಳೆ ಹುಡುಗಿ ನಿಂತಿದ್ದಳು. ಕೂಸು ಅಳುತ್ತಿತ್ತು. ಅವಳು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಬಸ್‌ಸ್ಟ್ಯಾಂಡಿನ ಕಡೆಯೇ ನೋಡುತ್ತಿದ್ದಳು.

"ನರಗುಂದಕ್ಕ ಬೆನ್ನಿಗೊಂದು ಬಸ್ ಅದಾವು" ಅಂದಳು ನೀಲಕ್ಕ. "ಮುಶಿಗೇರಿಗೆ ಇದ ಕಡೀದು. ಕುಂದ್ರು."

ನನ್ನದೇ ಸರ್ವರು, ನಾನೇ ಕೊಟ್ಟ ಅಧಿಕಾರ. ಬೆಂಚಿನ ಮೇಲೆ ಕುಳಿತೆ. ಪ್ರಿಂಟರು ಗರ್ರೆಂದು ಆ ಹುಡುಗಿಯ ಹಾಳೆ ಹೊರಗೆ ಹಾಕಿತು. ನೀಲಕ್ಕ ಅದನ್ನು ತೆಗೆದು ಅವಳ ಕೈಗೆ ಕೊಟ್ಟು, ಕೂಸಿನ ಗಲ್ಲ ಹಿಂಡಿ, "ಲಗೂ ಹೋಗವಾ" ಅಂದಳು. ಹೊರಗೆ ನನ್ನ ಬಸ್ಸು ಹಾರ್ನು ಹೊಡೆದು ಹೊರಟಿತು. ನಾನು ಸೆರಗಿನಿಂದ ಹುಬ್ಬು ಒರೆಸಿಕೊಂಡೆ, ಯಾಕೋ. ಹಿಟ್ಟೇನೂ ಇರಲಿಲ್ಲ.